ಹಾಡು ಯಾರ ಮನೆಯಲ್ಲಿದೆ? ಮನೆ ಮ್ಯೂಸಿಕ್ ಸರ್ವರ್‌ನ ಇಪ್ಪತ್ತೈದು ವರ್ಷದ ಕಥೆ



ಇವತ್ತು ಒಂದು ಸಣ್ಣ ಕೆಲಸದಿಂದ ಶುರು ಮಾಡೋಣ. ನೀವು ಹಾಡು ಕೇಳುವ ಆ್ಯಪ್ ತೆರೆದು, ಮೂರ್ನಾಲ್ಕು ವರ್ಷದ ಹಿಂದೆ ಮಾಡಿದ ಪ್ಲೇಲಿಸ್ಟ್ ಒಂದನ್ನ ಕೊನೆವರೆಗೂ ಸ್ಕ್ರೋಲ್ ಮಾಡಿ. ನಡುವೆ ಎಲ್ಲಾದರೂ ಒಂದೆರಡು ಹಾಡಿನ ಹೆಸರು ಬೂದು ಬಣ್ಣಕ್ಕೆ ತಿರುಗಿದೆಯಾ? ಒತ್ತಿದರೆ ಪ್ಲೇ ಆಗಲ್ಲ. ಹೆಸರು ಇದೆ, ಹಾಡು ಇಲ್ಲ.

ಅದು ನಿಮ್ಮ ಫೋನಿನ ತೊಂದರೆ ಅಲ್ಲ. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಕಂಪನಿ ಮತ್ತು ಸ್ಪಾಟಿಫೈ ನಡುವಿನ ಲೈಸೆನ್ಸ್ ಮುಗಿದು, ಹೊಸ ಒಪ್ಪಂದ ಕುದುರಲಿಲ್ಲ. ಲಕ್ಷಾಂತರ ಜನರ ಪ್ಲೇಲಿಸ್ಟಿನಲ್ಲಿದ್ದ ಹಿಂದಿ ಹಾಡುಗಳು ಆಗ ಹೀಗೇ ಮಾಯವಾದವು. 2024ರ ಜನವರಿ 31ಕ್ಕೆ ರೆಸ್ಸೋ ಆ್ಯಪ್ ಭಾರತದಲ್ಲಿ ನಿಂತಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಹೇಳಿತು. ಅದಕ್ಕೂ ಮೊದಲು, 2020ರ ಕೊನೆಗೆ, ಗೂಗಲ್ ಪ್ಲೇ ಮ್ಯೂಸಿಕ್ ಮುಚ್ಚಿತ್ತು. ಅದರಲ್ಲಿ ಜನ ತಮ್ಮ ಸ್ವಂತ ಹಾಡಿನ ಫೈಲುಗಳನ್ನ, 50,000ದವರೆಗೂ, ಅಪ್‌ಲೋಡ್ ಮಾಡಿ ಇಡಬಹುದಿತ್ತು.

ತಿಂಗಳಿಗೆ ದುಡ್ಡು ಕಟ್ಟಿದ್ದೀವಿ, ಹಾಡು ನಮ್ಮದು ಅಂತ ನಾವು ಅಂದುಕೊಳ್ತೀವಿ. ನಿಜವಾಗಿ ನಾವು ಕಟ್ಟೋದು ಬಾಡಿಗೆ. ಬಾಡಿಗೆ ಮನೆಯಲ್ಲಿ ತಪ್ಪೇನಿಲ್ಲ, ನಾನೂ ಇರೋದು ಬಾಡಿಗೆ ಮನೆಯಲ್ಲೇ. ಆದ್ರೆ ಗೋಡೆಗೆ ಮೊಳೆ ಹೊಡೆಯೋ ಮುಂಚೆ ಮನೆ ಯಾರದು ಅನ್ನೋದು ನೆನಪಿರಬೇಕು.

ಹಾಡನ್ನ ಬಾಡಿಗೆಗೆ ತಗೊಳ್ಳದೆ, ತಮ್ಮ ಮನೆಯಲ್ಲೇ ಇಟ್ಟುಕೊಂಡು, ಅಲ್ಲಿಂದ ತಮ್ಮ ಫೋನಿಗೆ ತಾವೇ ಸ್ಟ್ರೀಮ್ ಮಾಡಿಕೊಳ್ಳುವ ಜನ ಇದ್ದಾರೆ. ಇವರದು ಇಪ್ಪತ್ತೈದು ವರ್ಷದ ಇತಿಹಾಸ. ಇವತ್ತಿನ ಕಂತು ಅದರ ಬಗ್ಗೆ. ನಾನೂ ಆ ಗುಂಪಿಗೆ ಸೇರಿದವನು. ನಮ್ಮ ಮನೆಯ ವೈಫೈ ರೂಟರ್ ಪಕ್ಕದಲ್ಲಿ ಕೀಲು ಮುರಿದ ಒಂದು ಹಳೇ ಲ್ಯಾಪ್‌ಟಾಪ್ ಹಗಲೂ ರಾತ್ರಿ ಓಡ್ತಾ ಇರುತ್ತೆ. ಅದೇ ನನ್ನ ಸರ್ವರ್. ಸರ್ವರ್ ಅಂದ್ರೆ ಹೆದರಬೇಡಿ. ಹೋಟೆಲಿನ ಸಪ್ಲಯರ್ ಇದ್ದ ಹಾಗೆ. ಅಡುಗೆ ಒಳಗೆ ಇರುತ್ತೆ, ಕೇಳಿದ್ದನ್ನ ಟೇಬಲ್ಲಿಗೆ ತಂದುಕೊಡೋದು ಅದರ ಕೆಲಸ.

ಹಾಡು ಫೈಲ್ ಆಗಿದ್ದು

ಮೊದಲು ಒಂದು ಲೆಕ್ಕ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಒಂದು ಸೆಕೆಂಡಿನ ಧ್ವನಿಯನ್ನ 44,100 ಸಲ ಅಳೆದು ಬರೆದುಕೊಳ್ಳುತ್ತೆ. ಎಡಕ್ಕೊಂದು, ಬಲಕ್ಕೊಂದು. ಹೀಗೆ ಮಾಡಿದರೆ ನಿಮಿಷಕ್ಕೆ ಸುಮಾರು 10 ಎಂಬಿ. ಐದು ನಿಮಿಷದ ಹಾಡಿಗೆ 50 ಎಂಬಿ. ಇವತ್ತು ಇದು ಏನೂ ಅಲ್ಲ. ಆದರೆ ತೊಂಬತ್ತರ ದಶಕದ ಟೆಲಿಫೋನ್ ಇಂಟರ್ನೆಟ್ಟಿನಲ್ಲಿ, ಲೈನ್ ಒಮ್ಮೆಯೂ ಕಟ್ ಆಗದಿದ್ದರೂ, ಆ ಒಂದು ಹಾಡು ಇಳಿಯೋದಕ್ಕೆ ಎರಡು ಗಂಟೆ ಬೇಕು.

ಜರ್ಮನಿಯ ಎರ್ಲಾಂಗೆನ್ ಊರಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಅವರ ಜೊತೆಗಾರರು ಇದಕ್ಕೆ ದಾರಿ ಹುಡುಕ್ತಾ ಇದ್ದರು. ನಮ್ಮ ಕಿವಿಗೆ ಎಲ್ಲವೂ ಕೇಳಿಸಲ್ಲ. ಜೋರಾದ ತಬಲಾ ಪೆಟ್ಟು ಬಿದ್ದ ಕ್ಷಣದಲ್ಲಿ ಅದರ ಪಕ್ಕದ ಸಣ್ಣ ಸದ್ದು ಮುಚ್ಚಿಹೋಗುತ್ತೆ. ಕೇಳಿಸದ್ದನ್ನ ಬರೆದುಕೊಳ್ಳೋದು ಯಾಕೆ? ಅದನ್ನ ಬಿಟ್ಟರೆ ಫೈಲ್ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಮೂಲ ತತ್ವ ಇಷ್ಟೇ. 1995ರ ಜುಲೈ 14ರಂದು ಆ ಸಂಸ್ಥೆಯವರು ಈ ಫೈಲುಗಳ ಹೆಸರಿನ ಕೊನೆಗೆ ಎಂಪಿ3 ಅಂತ ಸೇರಿಸೋಣ ಅಂತ ತೀರ್ಮಾನಿಸಿದರು. ಐವತ್ತು ಎಂಬಿ ಹಾಡು ಐದು ಎಂಬಿ ಆಯ್ತು. ಎರಡು ಗಂಟೆಯ ಡೌನ್‌ಲೋಡ್ ಹನ್ನೆರಡು ನಿಮಿಷಕ್ಕೆ ಇಳಿಯಿತು.

1997ರಲ್ಲಿ ವಿನ್‌ಆ್ಯಂಪ್ ಬಂತು, 1999ರಲ್ಲಿ ನ್ಯಾಪ್‌ಸ್ಟರ್ ಬಂತು. ನ್ಯಾಪ್‌ಸ್ಟರ್ ಕಥೆ ನಿಮಗೆ ಗೊತ್ತಿರುತ್ತೆ, ಅದನ್ನ ಎಲ್ಲರೂ ಹೇಳ್ತಾರೆ. ಅಷ್ಟಾಗಿ ಯಾರೂ ಹೇಳದ ಇನ್ನೊಂದು ಕಥೆ ಇದೆ. ನಮ್ಮ ವಿಷಯಕ್ಕೆ ಅದೇ ಹತ್ತಿರ.

ಸ್ವಂತ ಸಿಡಿ, ಪರರ ಸರ್ವರ್

2000ದ ಜನವರಿಯಲ್ಲಿ ಅಮೆರಿಕದ ಎಂಪಿ3 ಡಾಟ್ ಕಾಮ್ ಅನ್ನೋ ಕಂಪನಿ ಒಂದು ಹೊಸ ಸೇವೆ ಶುರು ಮಾಡ್ತು. ನಿಮ್ಮ ಹತ್ತಿರ ಇರೋ ಸಿಡಿಯನ್ನ ಕಂಪ್ಯೂಟರಿಗೆ ಹಾಕಿ. ನಿಮ್ಮ ಹತ್ತಿರ ಆ ಸಿಡಿ ಇದೆ ಅಂತ ಅವರ ಸಾಫ್ಟ್‌ವೇರ್ ಖಾತ್ರಿ ಮಾಡಿಕೊಳ್ಳುತ್ತೆ. ಆಮೇಲೆ ಆ ಹಾಡುಗಳನ್ನ ನೀವು ಎಲ್ಲಿಂದ ಬೇಕಾದರೂ ಇಂಟರ್ನೆಟ್ಟಿನಲ್ಲಿ ಕೇಳಬಹುದು. ಪ್ರತಿಯೊಬ್ಬರೂ ಅಪ್‌ಲೋಡ್ ಮಾಡ್ತಾ ಕೂರಬಾರದು ಅಂತ ಕಂಪನಿಯೇ ಹತ್ತಾರು ಸಾವಿರ ಸಿಡಿ ಕೊಂಡು ತನ್ನ ಸರ್ವರಿಗೆ ಕಾಪಿ ಮಾಡಿ ಇಟ್ಟಿತ್ತು.

ಕೇಳೋದಕ್ಕೆ ನ್ಯಾಯವಾಗೇ ಇದೆ ಅಲ್ವಾ? ಸಿಡಿಗೆ ದುಡ್ಡು ಕೊಟ್ಟವನೇ ಕೇಳ್ತಾ ಇದ್ದಾನೆ. ಆದರೆ ರೆಕಾರ್ಡ್ ಕಂಪನಿಗಳು ಕೋರ್ಟಿಗೆ ಹೋದವು. ಗ್ರಾಹಕನ ಹತ್ತಿರ ಸಿಡಿ ಇದ್ದರೆ ಅದು ಅವನ ಸಿಡಿ, ನೀವು ನಿಮ್ಮ ಸರ್ವರಿನಲ್ಲಿ ಕಾಪಿ ಮಾಡಿಟ್ಟಿದ್ದಕ್ಕೆ ಅನುಮತಿ ಎಲ್ಲಿದೆ ಅನ್ನೋದು ಅವರ ವಾದ. ಅದೇ ವರ್ಷ ನ್ಯಾಯಾಧೀಶ ಜೆಡ್ ರೇಕಾಫ್ ಅವರು ಕಂಪನಿಯ ವಿರುದ್ಧ ತೀರ್ಪು ಕೊಟ್ಟರು. ಯೂನಿವರ್ಸಲ್ ಮ್ಯೂಸಿಕ್ ಒಂದಕ್ಕೇ 5.34 ಕೋಟಿ ಡಾಲರ್ ಕೊಡಬೇಕಾಗಿ ಬಂತು.

ಇಲ್ಲಿಂದ ಕೇಳುಗರಿಗೆ ಒಂದು ಪಾಠ ಸಿಕ್ಕಿತು. ನಡುವೆ ಕಂಪನಿಯೊಂದರ ಸರ್ವರ್ ಇದ್ದರೆ ಯಾರೋ ಕೇಸ್ ಹಾಕಬಹುದು, ಯಾರೋ ಕೊಂಡುಕೊಳ್ಳಬಹುದು, ಯಾವತ್ತೋ ಅದು ಮುಚ್ಚಬಹುದು. ಸರ್ವರ್ ಮನೆಯಲ್ಲೇ ಇದ್ದರೆ?

ಮನೆಯೊಳಗಿನ ಪೆಟ್ಟಿಗೆ

2001ರಲ್ಲಿ ಷಾನ್ ಆಡಮ್ಸ್ ಎಂಬುವರ ಸ್ಲಿಮ್ ಡಿವೈಸಸ್ ಕಂಪನಿ ಸ್ಲಿಂಪ್‌3 ಎಂಬ ಪುಟ್ಟ ಪೆಟ್ಟಿಗೆ ಮಾಡಿತು. ಅದರೊಳಗೆ ಹಾಡು ಇರಲಿಲ್ಲ. ಹಾಡು ಇದ್ದದ್ದು ಒಳಕೋಣೆಯ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿನ ಸಾಫ್ಟ್‌ವೇರ್ ಹಾಡನ್ನ ನೆಟ್‌ವರ್ಕಿನಲ್ಲಿ ಕಳಿಸುತ್ತೆ, ಹಾಲಿನಲ್ಲಿರೋ ಪೆಟ್ಟಿಗೆ ಅದನ್ನ ಸ್ಪೀಕರಿಗೆ ಕೊಡುತ್ತೆ. ಆ ಸಾಫ್ಟ್‌ವೇರ್ ಹೆಸರು ಸ್ಲಿಮ್‌ಸರ್ವರ್. ಕಂಪನಿ ಪೆಟ್ಟಿಗೆ ಮಾರಿತು. ಸಾಫ್ಟ್‌ವೇರ್ ಮಾತ್ರ ಓಪನ್ ಸೋರ್ಸ್, ಅಂದ್ರೆ ಅದರ ಕೋಡನ್ನ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಈ ಒಂದು ತೀರ್ಮಾನ ಎಷ್ಟು ಮುಖ್ಯ ಅಂತ ಆಗ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಮುಂದೇನಾಯ್ತು ನೋಡಿ. ಸ್ಲಿಮ್ ಡಿವೈಸಸ್ ಸ್ಕ್ವೀಜ್‌ಬಾಕ್ಸ್ ಅನ್ನೋ ಹೆಸರಿನಲ್ಲಿ ಹೊಸ ಪೆಟ್ಟಿಗೆಗಳನ್ನ ತಂದಿತು. 2006ರಲ್ಲಿ ಲಾಜಿಟೆಕ್ ಇಡೀ ಕಂಪನಿಯನ್ನ ಕೊಂಡಿತು. 2012ರಲ್ಲಿ ಆ ಸಾಲಿನ ಪೆಟ್ಟಿಗೆಗಳನ್ನ ನಿಲ್ಲಿಸಿತು. 2024ರ ಆರಂಭದಲ್ಲಿ ಅದಕ್ಕೆ ಸಂಬಂಧಿಸಿದ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಮಾಮೂಲಿಯಾಗಿ ಆಗಿದ್ದರೆ ಜನರ ಮನೆಯಲ್ಲಿದ್ದ ಪೆಟ್ಟಿಗೆಗಳೆಲ್ಲ ಗುಜರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕೋಡ್ ತೆರೆದೇ ಇತ್ತಲ್ಲ, ಬಳಕೆದಾರರೇ ಅದನ್ನ ಮುಂದುವರಿಸಿದರು. ಇವತ್ತು ಅದರ ಹೆಸರು ಲಿರಿಯನ್ ಮ್ಯೂಸಿಕ್ ಸರ್ವರ್. ಇಪ್ಪತ್ತು ವರ್ಷ ಹಳೆಯ ಸ್ಕ್ವೀಜ್‌ಬಾಕ್ಸ್ ಕೂಡ ಅದರ ಜೊತೆ ಈಗಲೂ ಹಾಡುತ್ತೆ.

ಇದಕ್ಕೆ ತದ್ವಿರುದ್ಧ ಒಂದು ಉದಾಹರಣೆ ಹೇಳ್ತೀನಿ. 2003ರ ಏಪ್ರಿಲ್‌ನಲ್ಲಿ ಆ್ಯಪಲ್‌ನ ಐಟ್ಯೂನ್ಸ್ 4 ಬಂದಾಗ ಅದರಲ್ಲಿ ನಿಮ್ಮ ಲೈಬ್ರರಿಯನ್ನ ಹಂಚಿಕೊಳ್ಳೋ ಸೌಲಭ್ಯ ಇತ್ತು. ಇಂಟರ್ನೆಟ್ ಮೂಲಕ ಬೇರೆ ಊರಿನಿಂದಲೂ ನಿಮ್ಮ ಮನೆಯ ಹಾಡು ಕೇಳಬಹುದಿತ್ತು. ಒಂದು ತಿಂಗಳೊಳಗೆ ಬಂದ ಅಪ್‌ಡೇಟ್ ಅದನ್ನ ಒಂದೇ ಮನೆಯ ನೆಟ್‌ವರ್ಕಿಗೆ ಸೀಮಿತ ಮಾಡಿತು. ಕೋಡ್ ಮುಚ್ಚಿದ್ದರಿಂದ ಜನ ಏನೂ ಮಾಡೋ ಹಾಗಿರಲಿಲ್ಲ.

ಫೋನಿಗೆ ಬಂದ ಲೈಬ್ರರಿ

ಸ್ಲಿಮ್‌ಸರ್ವರ್ ಮನೆಯೊಳಗಿನ ಸ್ಪೀಕರಿಗೆ ಸರಿ. ನಮಗೆ ಬೇಕಿದ್ದದ್ದು ಬಸ್ಸಿನಲ್ಲಿ, ಆಫೀಸಿನಲ್ಲಿ, ಹಾಸ್ಟೆಲ್ಲಿನಲ್ಲಿ ಕೇಳೋದು. ಆ ದಾರಿ ತೆರೆದವರು ನಾರ್ವೆಯ ಸಿಂದ್ರೆ ಮೆಹುಸ್ ಎಂಬ ಪ್ರೋಗ್ರಾಮರ್. 2005ರ ಸುಮಾರಿಗೆ ಅವರು ಸಬ್‌ಸೋನಿಕ್ ಅನ್ನೋ ಸಾಫ್ಟ್‌ವೇರ್ ಬರೆದರು. ಮನೆಯ ಕಂಪ್ಯೂಟರಿನಲ್ಲಿ ಹಾಡಿನ ಫೋಲ್ಡರ್ ತೋರಿಸಿದರೆ ಸಾಕು, ಯಾವುದೇ ಬ್ರೌಸರಿನಿಂದ ಲಾಗಿನ್ ಆಗಿ ಕೇಳಬಹುದು. ಇಂಟರ್ನೆಟ್ ನಿಧಾನ ಇದ್ದರೆ ದೊಡ್ಡ ಫೈಲನ್ನ ಆ ಕ್ಷಣದಲ್ಲೇ ಚಿಕ್ಕದು ಮಾಡಿ ಕಳಿಸುತ್ತೆ.

ಅದಕ್ಕಿಂತ ಮುಖ್ಯವಾಗಿ, ಸಬ್‌ಸೋನಿಕ್ ಒಂದು ಭಾಷೆ ರೂಪಿಸಿತು. ಫೋನಿನ ಆ್ಯಪ್ ಸರ್ವರಿಗೆ ‘ಆಲ್ಬಮ್‌ಗಳ ಪಟ್ಟಿ ಕೊಡು’, ‘ಈ ಹಾಡು ಕೊಡು’ ಅಂತ ಹೇಗೆ ಕೇಳಬೇಕು, ಸರ್ವರ್ ಹೇಗೆ ಉತ್ತರಿಸಬೇಕು ಅನ್ನೋದರ ನಿಯಮಗಳು ಎಲ್ಲರಿಗೂ ಸಿಗೋ ಹಾಗೆ ಬರೆದಿಟ್ಟಿತು. ಅದನ್ನ ನೋಡಿ ಯಾರ್ಯಾರೋ ಆ್ಯಂಡ್ರಾಯ್ಡಿಗೆ, ಐಫೋನಿಗೆ ಆ್ಯಪ್ ಬರೆದರು.

2016ರಲ್ಲಿ ಸಬ್‌ಸೋನಿಕ್‌ನ ಕೋಡ್ ಮುಚ್ಚಿತು. ಹೊಸ ಆವೃತ್ತಿ ಓಪನ್ ಸೋರ್ಸ್ ಅಲ್ಲ. ಕಥೆ ಮುಗೀತಾ? ಇಲ್ಲ. ಹಳೆಯ ತೆರೆದ ಕೋಡ್ ಹಿಡಿದು ಲಿಬ್ರೆಸೋನಿಕ್ ಬಂತು, ಅದರಿಂದ 2017ರಲ್ಲಿ ಏರ್‌ಸೋನಿಕ್ ಬಂತು. ಇನ್ನು ಕೆಲವರು ಹಳೇ ಕೋಡನ್ನೇ ಬಿಟ್ಟು, ಆ ಭಾಷೆ ಮಾತ್ರ ಉಳಿಸಿಕೊಂಡು ಹೊಸದಾಗಿ ಬರೆದರು. 2020ರಲ್ಲಿ ನ್ಯಾವಿಡ್ರೋಮ್ ಅಂತ ಹೆಸರು ಪಡೆದ ಸರ್ವರ್ ಅಂಥದ್ದು. ನಾನು ಬಳಸೋದೂ ಅದನ್ನೇ. ಸಬ್‌ಸೋನಿಕ್‌ಗೆ ಅಂತ ಬರೆದ ಹಳೇ ಆ್ಯಪ್‌ಗಳು ಇದರ ಜೊತೆಗೂ ಮಾತಾಡುತ್ವೆ. ವಿಡಿಯೋ ಸರ್ವರ್‌ಗಳಲ್ಲೂ ಇದೇ ನಡೆದಿದೆ. ಎಂಬಿ ಕೋಡ್ ಮುಚ್ಚಿದಾಗ 2018ರ ಡಿಸೆಂಬರ್‌ನಲ್ಲಿ ಅದರಿಂದ ಜೆಲ್ಲಿಫಿನ್ ಹುಟ್ಟಿತು.

ಕಂಪನಿ ಬರುತ್ತೆ, ಹೋಗುತ್ತೆ. ಸಾಫ್ಟ್‌ವೇರಿನ ಹೆಸರೂ ಬದಲಾಗುತ್ತೆ. ತೆರೆದ ಕೋಡ್, ಎಲ್ಲರಿಗೂ ಗೊತ್ತಿರೋ ಫೈಲ್ ರೂಪ, ಬರೆದಿಟ್ಟ ನಿಯಮ, ಈ ಮೂರು ಇದ್ದಲ್ಲಿ ಮುಂದಿನವರು ಎತ್ತಿಕೊಂಡು ನಡೆಸ್ತಾರೆ. ಈ ಇಪ್ಪತ್ತೈದು ವರ್ಷದಲ್ಲಿ ಮತ್ತೆ ಮತ್ತೆ ಆಗಿರೋದು ಇದೇ.

ಹಾಡಿನ ಹೆಸರು ಬರೆಯೋರು ಯಾರು?

ಈಗ ಸ್ವಲ್ಪ ಹಿಂದಕ್ಕೆ, ನೂರು ವರ್ಷಕ್ಕೂ ಹಿಂದೆ ಹೋಗಬೇಕು. ಫೈಲ್ ಇದ್ದರೆ ಸಾಲದು, ಅದರಲ್ಲಿ ಯಾವ ಹಾಡಿದೆ ಅಂತ ಗೊತ್ತಾಗಬೇಕಲ್ಲ?

1902ರ ನವೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅವರು ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿಸಿಕೊಂಡರು. ಆ ಹಾಡುಗಳ ಕೊನೆಗೆ ಗೌಹರ್ ಜಾನ್ ತಮ್ಮ ಹೆಸರನ್ನ ಇಂಗ್ಲಿಷಿನಲ್ಲಿ ಜೋರಾಗಿ ಹೇಳ್ತಾರೆ. ಜಂಬಕ್ಕಲ್ಲ. ರೆಕಾರ್ಡ್ ಅಚ್ಚಾಗ್ತಾ ಇದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ದನಿ ಅಂತ ಗೊತ್ತಾಗಿ ಸರಿಯಾದ ಲೇಬಲ್ ಅಂಟಿಸಬೇಕಿತ್ತು. ಕೊನೆಗಾಲದಲ್ಲಿ ಅವರು ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿ ಬಂದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಡಿನೊಳಗೇ ಹಾಡಿದವರ ಹೆಸರು ಸೇರಿಸೋ ಕೆಲಸ, ಅಂದ್ರೆ ಇವತ್ತು ನಾವು ಟ್ಯಾಗ್ ಅನ್ನೋದು, ನಮ್ಮಲ್ಲಿ ಶುರುವಾಗಿದ್ದು ಹೀಗೆ.

ತೊಂಬತ್ತರ ದಶಕಕ್ಕೆ ಬನ್ನಿ. ಆಗಿನ ಮಾಮೂಲಿ ಸಿಡಿಗಳಲ್ಲಿ ಹಾಡಿನ ಹೆಸರೇ ಬರೆದಿರಲಿಲ್ಲ. ಕಂಪ್ಯೂಟರಿಗೆ ಹಾಕಿದರೆ ಟ್ರ್ಯಾಕ್ 1, ಟ್ರ್ಯಾಕ್ 2 ಅಷ್ಟೇ. ಇದಕ್ಕೆ ಪರಿಹಾರವಾಗಿ ಸಿಡಿಡಿಬಿ ಅನ್ನೋ ಪಟ್ಟಿ ಹುಟ್ಟಿತು. ಒಬ್ಬರು ತಮ್ಮ ಸಿಡಿಯ ಹಾಡಿನ ಹೆಸರು ಟೈಪ್ ಮಾಡಿ ಕಳಿಸಿದರೆ ಅದೇ ಸಿಡಿ ಇರೋ ಉಳಿದವರಿಗೆಲ್ಲ ಹೆಸರು ತಾನಾಗೇ ಬರುತ್ತೆ. ಜಗತ್ತಿನ ಮೂಲೆಮೂಲೆಯ ಜನ ಬಿಟ್ಟಿಯಾಗಿ ಟೈಪ್ ಮಾಡಿದರು. ಆಮೇಲೆ ಆ ಪಟ್ಟಿ ಕಂಪನಿಯೊಂದರ ಕೈಗೆ ಹೋಯ್ತು, ಗ್ರೇಸ್‌ನೋಟ್ ಅಂತ ಹೆಸರಾಯ್ತು, ಬಳಸೋದಕ್ಕೆ ಷರತ್ತು ಬಂತು. 2008ರಲ್ಲಿ ಸೋನಿ ಆ ಕಂಪನಿಯನ್ನ ಸುಮಾರು 26 ಕೋಟಿ ಡಾಲರಿಗೆ ಕೊಂಡಿತು. ಟೈಪ್ ಮಾಡಿದವರಿಗೆ ಏನೂ ಸಿಗಲಿಲ್ಲ.

ಆ ಸಿಟ್ಟಿನಿಂದಲೇ ರಾಬರ್ಟ್ ಕೇ ಎಂಬುವರು ಮ್ಯೂಸಿಕ್‌ಬ್ರೈನ್ಜ್ ಶುರು ಮಾಡಿದರು. ವಿಕಿಪೀಡಿಯಾ ಥರ ಯಾರು ಬೇಕಾದರೂ ತುಂಬಬಹುದು, ಆದರೆ ಯಾರೂ ಅದನ್ನ ಬೀಗ ಹಾಕಿ ಇಟ್ಟುಕೊಳ್ಳೋ ಹಾಗಿಲ್ಲ. 2004ರಲ್ಲಿ ಅದನ್ನ ನೋಡಿಕೊಳ್ಳೋದಕ್ಕೆ ಲಾಭರಹಿತ ಸಂಸ್ಥೆ ಆಯ್ತು. ಅದರ ಪಿಕಾರ್ಡ್ ಅನ್ನೋ ಸಾಫ್ಟ್‌ವೇರ್ ನಿಮ್ಮ ಫೈಲುಗಳನ್ನ ಗುರುತಿಸಿ ಹೆಸರು ತುಂಬಿಕೊಡುತ್ತೆ. ಇಂಗ್ಲಿಷ್ ಹಾಡಿಗೆ ಅದ್ಭುತವಾಗಿ ಕೆಲಸ ಮಾಡುತ್ತೆ. ಕನ್ನಡಕ್ಕೆ? ಅಲ್ಲೇ ಸಮಸ್ಯೆ.

ಮೂವತ್ತು ಬೈಟಿನಲ್ಲಿ ಕನ್ನಡ

ಎಂಪಿ3 ಫೈಲಿನ ಒಳಗೆ ಹೆಸರು ಬರೆಯೋದಕ್ಕೆ 1996ರಲ್ಲಿ ಐಡಿ3 ಅನ್ನೋ ಕ್ರಮ ಬಂತು. ಫೈಲಿನ ಕೊನೆಗೆ 128 ಬೈಟಿನ ಒಂದು ಚೀಟಿ. ಹಾಡಿನ ಹೆಸರಿಗೆ 30 ಬೈಟ್, ಗಾಯಕರಿಗೆ 30, ಆಲ್ಬಮ್‌ಗೆ 30. ಅದು ಇಂಗ್ಲಿಷ್ ಥರದ ಲಿಪಿಗಳನ್ನ ಮನಸ್ಸಲ್ಲಿಟ್ಟು ಮಾಡಿದ್ದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಇವತ್ತು ನಾವು ಬಳಸೋ ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ವ್ಯಂಜನ ಒಂದು ಸಂಕೇತ, ಅದರ ಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರ ಕೊಡೋ ವಿರಾಮ ಮತ್ತೊಂದು.

‘ನಿತ್ಯೋತ್ಸವ’ ಅಂತ ಬರೆದು ನೋಡಿ. ಕಣ್ಣಿಗೆ ಕಾಣೋದು ನಾಲ್ಕೇ ಅಕ್ಷರ. ಒಳಗೆ ಹತ್ತು ಸಂಕೇತ. ಹತ್ತು ಮೂರಲ ಮೂವತ್ತು. ಅಲ್ಲಿಗೆ ಜಾಗ ಪೂರ್ತಿ ಖಾಲಿ, ಇನ್ನೊಂದು ಸಣ್ಣ ‘ರ’ ಕೂಡ ಹಿಡಿಯಲ್ಲ. ಅಷ್ಟೇ ಅಲ್ಲ, ಸಂಗೀತದ ಪ್ರಕಾರಕ್ಕೆ ಅಂತ ಮೊದಲೇ ಕೊಟ್ಟಿದ್ದ 80 ಹೆಸರುಗಳ ಪಟ್ಟಿಯಲ್ಲಿ ಕರ್ನಾಟಕ ಸಂಗೀತ ಇಲ್ಲ, ಭಾವಗೀತೆ ಇಲ್ಲ, ದಾಸರಪದ ಇಲ್ಲ. ರಾಕ್‌ನಲ್ಲೇ ಹಲವು ಬಗೆ ಇದ್ದವು.

1998ರಲ್ಲಿ ಬಂದ ಐಡಿ3ಯ ಎರಡನೇ ಆವೃತ್ತಿ ಈ ಮಿತಿ ತೆಗೆದುಹಾಕಿ ಯೂನಿಕೋಡ್‌ಗೆ ಜಾಗ ಕೊಟ್ಟಿತು. ಆದರೆ ಅಷ್ಟರಲ್ಲಿ ನಾವು ಕನ್ನಡ ಹಾಡಿನ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ರೂಢಿಗೆ ಬಿದ್ದಿದ್ದೆವು. ಒಬ್ಬರು ಅಶ್ವಥ್ ಅಂತ ಒಂದು ಸ್ಪೆಲ್ಲಿಂಗ್ ಬರೆದರು, ಇನ್ನೊಬ್ಬರು ‘ಹೆಚ್’ ಬಿಟ್ಟರು, ಮತ್ತೊಬ್ಬರು ‘ಸಿ.’ ಸೇರಿಸಿದರು. ನನ್ನ ಸರ್ವರಿಗೆ ಮೊದಲ ಸಲ ಹಾಡು ತುಂಬಿದಾಗ ಸಿ. ಅಶ್ವಥ್ ಅವರು ಐದು ಬೇರೆ ಬೇರೆ ಗಾಯಕರಾಗಿ ಕಾಣಿಸಿಕೊಂಡರು. ರಾಜ್‌ಕುಮಾರ್ ಅವರು ಏಳು ಮಂದಿ!

ಇನ್ನೊಂದು ದೊಡ್ಡ ವಿಷಯ. ಹೆಚ್ಚಿನ ಆ್ಯಪ್‌ಗಳಲ್ಲಿ ಹಾಡಿನ ಕೆಳಗೆ ಒಂದು ಹೆಸರು ಕಾಣುತ್ತೆ, ಅದು ಆರ್ಟಿಸ್ಟ್. ಭಾವಗೀತೆ ಒಬ್ಬರದ್ದಲ್ಲ. ಕವಿ ಒಬ್ಬರು, ರಾಗ ಹಾಕಿದವರು ಒಬ್ಬರು, ಹಾಡಿದವರು ಒಬ್ಬರು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಯ ಮೊದಲ ಧ್ವನಿಸುರುಳಿ ಅಂತಲೇ ಹೆಸರಾಗಿದೆ. ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಕ್ಯಾಸೆಟ್ಟಿನ ಕಾಗದದಲ್ಲಿ ಇದೆಲ್ಲ ಅಚ್ಚಾಗಿರ್ತಿತ್ತು. ಆ್ಯಪ್‌ಗೆ ಬರೋ ಹೊತ್ತಿಗೆ ಎಷ್ಟೋ ಕಡೆ ಕವಿಯ ಹೆಸರೇ ಬಿದ್ದುಹೋಗಿರುತ್ತೆ. ಐಡಿ3ಯ ಎರಡನೇ ಆವೃತ್ತಿಯಲ್ಲಿ ರಾಗಸಂಯೋಜಕರಿಗೂ, ಸಾಹಿತ್ಯ ಬರೆದವರಿಗೂ ಬೇರೆ ಬೇರೆ ಕೋಣೆ ಇದೆ. ಕೋಣೆ ಖಾಲಿ ಇರೋದು ನಾವು ತುಂಬಿಲ್ಲ ಅಂತ.

ನಮ್ಮ ಮನೆಯ ಅಟ್ಟದಲ್ಲಿ ಎರಡು ರಟ್ಟಿನ ಡಬ್ಬದಲ್ಲಿ ಕ್ಯಾಸೆಟ್ಟುಗಳಿದ್ದವು. ಭಾವಗೀತೆ, ಹರಿಕಥೆ, ಯಕ್ಷಗಾನ ಪ್ರಸಂಗ, ಜಾನಪದ. ಒಂದು ಹಳೇ ಡೆಕ್‌ಗೆ ವೈರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ, ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಇಲ್ಲಿ ಅಡ್ಡದಾರಿ ಇಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಲೇಬೇಕು. ಅಮ್ಮ ಪಕ್ಕದಲ್ಲಿ ಕೂತು ‘ಇದು ಯಾರು ಹಾಡಿರೋದು ಗೊತ್ತೇನೋ’ ಅಂತ ಹೇಳ್ತಾ ಹೋದರು, ನಾನು ಟೈಪ್ ಮಾಡ್ತಾ ಹೋದೆ. ಕಾಗದ ಕಳೆದುಹೋಗಿದ್ದ ಕ್ಯಾಸೆಟ್ಟುಗಳ ಹೆಸರು ಸಿಕ್ಕಿದ್ದು ಅಮ್ಮನ ನೆನಪಿನಿಂದಲೇ. ಅವುಗಳಲ್ಲಿ ಕೆಲವನ್ನ ನಾನು ಹುಡುಕಿದ ಯಾವ ಆ್ಯಪ್‌ನಲ್ಲೂ ಕಾಣಲಿಲ್ಲ. ಒಂದು ಯಕ್ಷಗಾನದ ಕ್ಯಾಸೆಟ್ಟಿನ ಟೇಪ್ ಅರ್ಧಕ್ಕೇ ಅಂಟಿಕೊಂಡು ನಿಂತುಬಿಟ್ಟಿತು. ಮುಂದಿನ ಅರ್ಧ ನಮಗೆ ಸಿಗಲೇ ಇಲ್ಲ.

ಟೇಪ್ ಕಾಯಲ್ಲ. ಹೆಸರು ಗೊತ್ತಿರೋ ಜನರಿಗೂ ವಯಸ್ಸಾಗ್ತಿದೆ. ನಾನು ಈ ಕಂತು ಮಾಡ್ತಿರೋದು ಅದಕ್ಕೇ.

ನೀವು ಮಾಡೋದಾದ್ರೆ

ಯಂತ್ರ: ಹೊಸದು ಬೇಡ. ಮೂಲೆಯಲ್ಲಿ ಬಿದ್ದಿರೋ ಲ್ಯಾಪ್‌ಟಾಪ್ ಸಾಕು. ಇಲ್ಲಾಂದ್ರೆ 2012ರಲ್ಲಿ 35 ಡಾಲರಿಗೆ ಬಂದು ಇಂಥ ಕೆಲಸವನ್ನೆಲ್ಲ ಸುಲಭ ಮಾಡಿದ ರಾಸ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್.

ಫೈಲ್: ಸಿಡಿ ಅಥವಾ ಕ್ಯಾಸೆಟ್ಟಿನಿಂದ ತೆಗೆಯೋದಾದರೆ ಫ್ಲಾಕ್ ರೂಪದಲ್ಲಿ ಇಡಿ. ಜಾಷ್ ಕೋಲ್ಸನ್ ಬರೆದ, 2001ರಲ್ಲಿ ಬಂದ ತೆರೆದ ಕ್ರಮ ಇದು. ಎಂಪಿ3 ಥರ ಏನನ್ನೂ ಬಿಸಾಡಲ್ಲ. ಐದು ನಿಮಿಷದ ಹಾಡಿಗೆ ಸುಮಾರು 30 ಎಂಬಿ. ಐದು ಸಾವಿರ ಹಾಡಿಗೆ 150 ಜಿಬಿ ಆದೀತು. ಮೊಬೈಲ್ ಡೇಟಾ ಮುಗಿಯುತ್ತೆ ಅನ್ನೋ ಭಯ ಬೇಡ, ಹೊರಗೆ ಇದ್ದಾಗ ಸರ್ವರೇ ಅದನ್ನ ಚಿಕ್ಕದು ಮಾಡಿ ಕಳಿಸುತ್ತೆ. ಹೊಸ ಹಾಡು ಬೇಕಾದರೆ ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಫೈಲನ್ನೇ ಕೊಳ್ಳಬಹುದು.

ಸಾಫ್ಟ್‌ವೇರ್: ಫೋನಿನಲ್ಲಿ ಕೇಳೋದೇ ಮುಖ್ಯ ಆದರೆ ನ್ಯಾವಿಡ್ರೋಮ್. ಮನೆಯ ಸ್ಪೀಕರುಗಳಿಗೆ ಆದರೆ ಲಿರಿಯನ್.

ಹೊರಗಿನಿಂದ ಕೇಳೋದು: ನಮ್ಮಲ್ಲಿ ಬಹಳಷ್ಟು ಮನೆಗಳ ಇಂಟರ್ನೆಟ್‌ಗೆ ಹೊರಗಿನಿಂದ ನೇರವಾಗಿ ತಲುಪೋ ಸ್ವಂತ ವಿಳಾಸ ಇರಲ್ಲ. ರೂಟರಿನ ಬಾಗಿಲು ತೆರೆದಿಡೋದು ಅಪಾಯ ಕೂಡ. ವೈರ್‌ಗಾರ್ಡ್ ಆಧಾರದ ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ ಬಳಸಿದರೆ ನಿಮ್ಮ ಫೋನಿಗೆ ಮಾತ್ರ ದಾರಿ ಸಿಗುತ್ತೆ.

ಪ್ರತಿ: ಒಂದೇ ಹಾರ್ಡ್‌ಡಿಸ್ಕ್ ನಂಬಬೇಡಿ. ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಅದನ್ನ ಬೇರೆ ಮನೆಯಲ್ಲಿಡಿ. 2019ರಲ್ಲಿ ಮೈಸ್ಪೇಸ್‌ನಂಥ ದೊಡ್ಡ ತಾಣವೇ ಸರ್ವರ್ ಬದಲಿಸುವಾಗ ಹನ್ನೆರಡು ವರ್ಷದ ಹಾಡುಗಳನ್ನ ಕಳೆದುಕೊಂಡೆ ಅಂತ ಒಪ್ಪಿಕೊಂಡಿತು.

ಕಾನೂನು: ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯಯುತ ಮಿತಿಯಲ್ಲಿ ಅವಕಾಶ ಕೊಡುತ್ತೆ. ನೀವು ಕೊಂಡಿದ್ದನ್ನ ನೀವು ಕೇಳೋದು ಬೇರೆ, ಲಿಂಕ್ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕೋದು ಬೇರೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ. ಸಾಹಿತ್ಯ, ಸಂಗೀತದ ಹಕ್ಕು ಅದಕ್ಕಿಂತ ಬೇರೆ.

ಇದರಲ್ಲಿ ಕಷ್ಟ ಇಲ್ಲ ಅಂತ ಹೇಳಲ್ಲ. ಕರೆಂಟ್ ಹೋದರೆ ನನ್ನ ಸರ್ವರ್ ಕೂಡ ಹೋಗುತ್ತೆ. ಹೊಸ ಹಾಡು ಪರಿಚಯ ಆಗೋದಕ್ಕೆ ನಾನು ಈಗಲೂ ಸ್ಟ್ರೀಮಿಂಗ್ ಆ್ಯಪ್ ನೋಡ್ತೀನಿ, ಅದಕ್ಕೆ ದುಡ್ಡೂ ಕೊಡ್ತೀನಿ. ಅಲ್ಲಿ ಸಿಗೋದು ಅಲ್ಲಿರಲಿ. ಅಲ್ಲಿ ಸಿಗದೇ ಇರೋದು, ನಾಳೆ ಸಿಗದೇ ಹೋಗಬಹುದಾದ್ದು, ನನ್ನ ಮನೆಯಲ್ಲಿರಲಿ ಅಂತ ಅಷ್ಟೇ.

ಸರ್ವರ್ ಆಮೇಲೆ ಮಾಡಿಕೊಳ್ಳಿ, ಅದು ಒಂದು ಭಾನುವಾರದ ಕೆಲಸ. ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಕ್ಯಾಸೆಟ್ ಇದೆಯಾ ಅಂತ ಕೇಳಿ. ಇದ್ದರೆ ಡಬ್ಬ ಕೆಳಗಿಳಿಸಿ, ಅಜ್ಜಿ ತಾತ ಅಥವಾ ಅಪ್ಪ ಅಮ್ಮನ ಜೊತೆ ಕೂತು, ಪ್ರತಿಯೊಂದರ ಕವಿ ಯಾರು, ರಾಗ ಹಾಕಿದವರು ಯಾರು, ಹಾಡಿದವರು ಯಾರು ಅಂತ ಬರೆದುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಈಗ ಮೂವತ್ತು ಬೈಟಿನ ಮಿತಿ ಇಲ್ಲ.

ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.